ಗುಡ್ಡವಿಲ್ಲದ ನೆಲಕ್ಕೆ ಗುಡ್ಡ ಕಡಿಯುವ ಕಾನೂನು

ನವೆಂಬರ್ 1 ನಮಗೆ ರಾಜ್ಯೋತ್ಸವದ ದಿನ. 1956ರ ಆ ದಿನ ಮದರಾಸು ರಾಜ್ಯದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಸೇರಿತು, ಕಾಸರಗೋಡು ಕೇರಳದ ಪಾಲಾಯಿತು. ಕಾಸರಗೋಡು ಕೈತಪ್ಪಿದ್ದನ್ನು ಕನ್ನಡಿಗರು ಇಂದಿಗೂ ಮರೆತಿಲ್ಲ. ಕಯ್ಯಾರ ಕಿಞ್ಞಣ್ಣ ರೈಯವರು ಅದಕ್ಕಾಗಿ ಬದುಕಿಡೀ ದನಿಯೆತ್ತಿದರು. ಆದರೆ ಅದೇ ದಿನ ಅದೇ ಜಿಲ್ಲೆಯಿಂದ ಇನ್ನೊಂದು ತುಂಡೂ ಕಳಚಿಕೊಂಡಿತು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ದ್ವೀಪಗಳು ಅಲ್ಲಿಯವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದವು. ಮಲಬಾರ್ ಜಿಲ್ಲೆಗೆ ಸೇರಿದ್ದ ಉಳಿದ ದ್ವೀಪಗಳ ಜೊತೆಗೆ ಅವನ್ನೂ ಕೂಡಿಸಿ ಒಂದು ಕೇಂದ್ರಾಡಳಿತ ಪ್ರದೇಶ ಮಾಡಲಾಯಿತು. ಭಾಷೆಯ ಆಧಾರದ ಮೇಲೆ ರಾಜ್ಯಗಳು ಹುಟ್ಟಿದ ದಿನವೇ ಈ ದ್ವೀಪಗಳು ಯಾವ ರಾಜ್ಯಕ್ಕೂ ಸೇರದೆ ನೇರ ದಿಲ್ಲಿಯ ಕೈಗೆ ಹೋದವು. ಇನ್ನೂ ಒಂದು ಸ್ವಾರಸ್ಯವಿದೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ 'ಕರ್ನಾಟಕ'ವಾದಾಗ, ಅದೇ ದಿನ ಆ ದ್ವೀಪಗಳ ಉದ್ದನೆಯ ಹೆಸರೂ ಬದಲಾಗಿ 'ಲಕ್ಷದ್ವೀಪ'ವಾಯಿತು. ನಮಗೆ ಹೆಸರಿನ ಜೊತೆಗೆ ವಿಧಾನಸಭೆಯೂ ಇತ್ತು. ಅವರಿಗೆ ಹೆಸರು ಮಾತ್ರ ಸಿಕ್ಕಿತು.

2021ರಲ್ಲಿ ಲಕ್ಷದ್ವೀಪ ದೇಶದ ಸುದ್ದಿಯಾದಾಗ ನಾವು ಕನ್ನಡದಲ್ಲಿ ಬಹಳಷ್ಟು ಬರೆದೆವು. ಗೋಮಾಂಸ, ಮದ್ಯ, ಆಡಳಿತಾಧಿಕಾರಿಯ ರಾಜಕೀಯ ಹಿನ್ನೆಲೆ, ಇವೆಲ್ಲ ಚರ್ಚೆಯಾದವು. ಆಗ ಹೊರಬಂದ ಕರಡು ವಿನಿಯಮಗಳನ್ನು ಮಾತ್ರ ಓದಿದವರು ಕಡಿಮೆ. ಕಾನೂನಿನ ಕರಡನ್ನು ಸಾಹಿತ್ಯ ಕೃತಿಯಂತೆ ಯಾರೂ ಓದುವುದಿಲ್ಲ, ಸರಿ. ಆದರೆ ಯಾವುದೇ ಬರಹದ ಬಗ್ಗೆ ವಿಮರ್ಶಕ ಕೇಳುವ ಪ್ರಶ್ನೆಗಳನ್ನು ಅದಕ್ಕೂ ಕೇಳಬಹುದು. ಬರೆದವರು ಯಾರು? ಯಾರು ಓದಲಿ ಎಂದು ಬರೆದರು? ತಾವು ಬರೆಯುತ್ತಿರುವ ನೆಲವನ್ನು ಕಣ್ಣಾರೆ ಕಂಡಿದ್ದಾರೆಯೇ? ಈ ಪ್ರಶ್ನೆಗಳನ್ನು ಇಟ್ಟುಕೊಂಡು 'ಲಕ್ಷದ್ವೀಪ ಅಭಿವೃದ್ಧಿ ಪ್ರಾಧಿಕಾರ ವಿನಿಯಮ, 2021' ಎಂಬ ಕರಡನ್ನು ಓದಿದರೆ, ಲಕ್ಷದ್ವೀಪದ ರಾಜಕೀಯ ಸ್ಥಾನಮಾನ ಎಂಥದ್ದು ಎಂಬುದು ಯಾವ ಭಾಷಣಕ್ಕಿಂತಲೂ ಸ್ಪಷ್ಟವಾಗಿ ಕಾಣುತ್ತದೆ.

ಆ ಕರಡು 'ಅಭಿವೃದ್ಧಿ' ಎಂದರೇನು ಎಂದು ವಿವರಿಸುತ್ತದೆ. ಕಟ್ಟಡ ಕಟ್ಟುವುದು, ಗಣಿಗಾರಿಕೆ, ಕಲ್ಲುಕೋರೆ, ನೆಲದ ಮೇಲೂ ಕೆಳಗೂ ನಡೆಸುವ ಕಾಮಗಾರಿ, ಗುಡ್ಡವನ್ನೋ ಗುಡ್ಡದ ಒಂದು ಭಾಗವನ್ನೋ ಕಡಿಯುವುದು ಇತ್ಯಾದಿ. ಮುಂದೆ ಯೋಜನೆಯಲ್ಲಿ ಏನೇನು ಇರಬಹುದೆಂದು ಹೇಳುವಾಗ ರಾಷ್ಟ್ರೀಯ ಹೆದ್ದಾರಿ, ವರ್ತುಲ ರಸ್ತೆ, ರೈಲು, ಟ್ರಾಮ್‌ಗಳ ಹೆಸರು ಬರುತ್ತದೆ. ಲಕ್ಷದ್ವೀಪ ಎಂದರೆ ಹವಳದ ದಿಬ್ಬಗಳ ಮೇಲೆ ನಿಂತ ನೆಲ. ಎಲ್ಲ ದ್ವೀಪಗಳನ್ನೂ ಸೇರಿಸಿದರೆ ವಿಸ್ತೀರ್ಣ 32 ಚದರ ಕಿಲೋಮೀಟರ್. ನಮ್ಮ ಒಂದು ಹೋಬಳಿ ಇದಕ್ಕಿಂತ ದೊಡ್ಡದಿರುತ್ತದೆ. ಅತಿ ದೊಡ್ಡ ದ್ವೀಪವಾದ ಆಂದ್ರೋತ್‌ನ ಉದ್ದ ಐದು ಕಿಲೋಮೀಟರ್ ಆಸುಪಾಸು. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದ ಆ ನೆಲದಲ್ಲಿ ಕಡಿಯಲು ಗುಡ್ಡವೆಲ್ಲಿದೆ? ಸುತ್ತು ಹಾಕಲು ವರ್ತುಲ ರಸ್ತೆಗೆ ನಗರವೆಲ್ಲಿದೆ? ಮುಖ್ಯಭೂಮಿಯ ನಗರ ಯೋಜನಾ ಕಾಯ್ದೆಗಳ ಭಾಷೆಯನ್ನು ಎತ್ತಿ ತಂದು ಹವಳದ ಮೇಲೆ ಇಟ್ಟಂತಿದೆ ಈ ಬರಹ.

ಆಗ ಇದನ್ನು ಓದಿ ಹಲವರು ನಕ್ಕರು. ನಗುವಿನಲ್ಲಿ ಒಂದು ಅಪಾಯವಿತ್ತು. ಗುಡ್ಡವಿಲ್ಲದಿರುವುದರಿಂದ ಗುಡ್ಡ ಕಡಿಯುವ ಅಧಿಕಾರ ಹಾಸ್ಯಾಸ್ಪದವಾಗಿ ಕಾಣುತ್ತದೆ, ನಿಜ. ಅದೇ ಕರಡಿನಲ್ಲಿರುವ ಉಳಿದ ಅಧಿಕಾರಗಳು ಹಾಸ್ಯದವಲ್ಲ. ಯಾವುದೇ ಪ್ರದೇಶವನ್ನು 'ಯೋಜನಾ ಪ್ರದೇಶ' ಎಂದು ಘೋಷಿಸಬಹುದು. ಒಂದು ವಸತಿಯನ್ನು ಕೆಟ್ಟ ವಿನ್ಯಾಸದ್ದು, ಕಾಲ ಮೀರಿದ್ದು ಎಂದು ಪ್ರಾಧಿಕಾರಕ್ಕೆ ಅನಿಸಿದರೆ ಅಲ್ಲಿ ಕೈಹಾಕಬಹುದು. ಸಾರ್ವಜನಿಕ ಉದ್ದೇಶ ಎಂಬ ಹೆಸರಲ್ಲಿ ಭೂಮಿ ಪಡೆಯಬಹುದು, ಇದ್ದವರನ್ನು ಬೇರೆಡೆಗೆ ಕಳಿಸಬಹುದು. ಈ ಪ್ರಾಧಿಕಾರವನ್ನು ರಚಿಸುವವರು ಯಾರೆಂದರೆ ಆಡಳಿತಾಧಿಕಾರಿ, ಅಂದರೆ ರಾಷ್ಟ್ರಪತಿಯವರು ನೇಮಿಸಿ ಕಳಿಸಿದ ಒಬ್ಬ ವ್ಯಕ್ತಿ. ತಲೆತಲಾಂತರದಿಂದ ಕುಳಿತ ತೆಂಗಿನ ತೋಟದ ನಡುವಿನ ಮನೆ 'ಕಾಲ ಮೀರಿದ್ದು' ಹೌದೋ ಅಲ್ಲವೋ ಎಂದು ತೀರ್ಮಾನಿಸುವಲ್ಲಿ ಆ ಮನೆಯವರು ಆರಿಸಿದ ಯಾರ ಮಾತೂ ಕೊನೆಯ ಮಾತಲ್ಲ.

ಮನೆಯ ಮಾತು ಬಂದಾಗ ಇನ್ನೊಂದು ಪುಸ್ತಕವನ್ನು ಈ ಕರಡಿನ ಪಕ್ಕದಲ್ಲಿಟ್ಟು ನೋಡಬೇಕೆನಿಸುತ್ತದೆ. ಸಮಾಜಶಾಸ್ತ್ರಜ್ಞೆ ಲೀಲಾ ದುಬೆ ಅವರು ಕಲ್ಪೇನಿ ದ್ವೀಪದ ಬದುಕನ್ನು ಆಧರಿಸಿ ಮಾತೃವಂಶೀಯತೆ ಮತ್ತು ಇಸ್ಲಾಮಿನ ಬಗ್ಗೆ ಬರೆದ ಅಧ್ಯಯನ 1969ರಲ್ಲಿ ಪ್ರಕಟವಾಯಿತು. ದ್ವೀಪದ ಜನರು ಮುಸ್ಲಿಮರು, ಆದರೆ ವಂಶ ಮತ್ತು ಮನೆತನದ ಆಸ್ತಿ ತಾಯಿಯ ಕಡೆಯಿಂದ ಸಾಗುತ್ತದೆ. ಇವೆರಡೂ ಒಂದಕ್ಕೊಂದು ಎದುರಾದಾಗ ಜನ ಏನು ಮಾಡಿದರು ಎಂಬುದು ಆ ಅಧ್ಯಯನದ ತಿರುಳು. ದ್ವೀಪದವರು ಆಸ್ತಿಯನ್ನು ಎರಡು ವಾರಗಳ ಹೆಸರಿನಲ್ಲಿ ಹಂಚಿಟ್ಟುಕೊಂಡಿದ್ದಾರೆ. 'ಶುಕ್ರವಾರದ ಆಸ್ತಿ' ತರವಾಡಿಗೆ, ಅಂದರೆ ತಾಯಿಯ ಕಡೆಯ ಕೂಡುಮನೆಗೆ ಸೇರಿದ್ದು. ಯಾರೊಬ್ಬರೂ ಅದನ್ನು ಮಾರುವಂತಿಲ್ಲ. 'ಸೋಮವಾರದ ಆಸ್ತಿ' ವ್ಯಕ್ತಿಯ ಸ್ವಂತ ಗಳಿಕೆ. ಅದು ಇಸ್ಲಾಮೀ ವಾರಸಾ ನಿಯಮದಂತೆ ಮಕ್ಕಳಿಗೆ ಹೋಗುತ್ತದೆ. ತುಳುನಾಡಿನ ಅಳಿಯಕಟ್ಟನ್ನು ಬಲ್ಲವರಿಗೆ, ಕಣ್ಣೂರು, ಕಾಸರಗೋಡಿನ ತರವಾಡುಗಳನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಶಾಸನಸಭೆಯಿಲ್ಲದೆ, ವಕೀಲರಿಲ್ಲದೆ ಒಂದು ಸಣ್ಣ ಸಮಾಜ ತನ್ನ ಎರಡು ನಿಷ್ಠೆಗಳ ನಡುವೆ ತಾನೇ ಹೊಂದಿಸಿಕೊಂಡ ಕಾನೂನು ಅದು. ಮೌಲವಿಗಳ ಆಕ್ಷೇಪ ಇರಲಿಲ್ಲವೆಂದಲ್ಲ, ಮನೆಯೊಳಗಿನ ಜಗಳಗಳೂ ಇದ್ದವು. ಆದರೆ ಆ ಜಗಳ ಅವರದು, ತೀರ್ಮಾನವೂ ಅವರದು.

ಅಭಿವೃದ್ಧಿ ಪ್ರಾಧಿಕಾರದ ಕರಡಿಗೆ ಭೂಮಿ ಎಂದರೆ ಒಂದು ಸರ್ವೆ ನಂಬರು ಮತ್ತು ಒಬ್ಬ ಮಾಲೀಕ. ಶುಕ್ರವಾರದ ಆಸ್ತಿಗೆ ಅಂಥ ಮಾಲೀಕನಿಲ್ಲ. ನೋಟಿಸು ಯಾರ ಹೆಸರಿಗೆ ಕಳಿಸುವುದು? ಪರಿಹಾರದ ಹಣ ಯಾರ ಖಾತೆಗೆ? ತರವಾಡಿನ ಹೆಣ್ಣುಮಕ್ಕಳು ಬದುಕಿನುದ್ದಕ್ಕೂ ನೆಚ್ಚಿಕೊಂಡ ನೆಲದ ಬದಲಿಗೆ ಹಣ ಬಂದರೆ, ಆ ಹಣ ಶುಕ್ರವಾರದ್ದೋ ಸೋಮವಾರದ್ದೋ? ಹೆಣ್ಣು ಮದುವೆಯ ನಂತರವೂ ತಾಯಿಮನೆಯಲ್ಲೇ ಇರುವ, ಗಂಡನೇ ರಾತ್ರಿ ಬಂದು ಹೋಗುವ ರೂಢಿಯ ಸಮಾಜದಲ್ಲಿ ಮನೆಯ ಜಾಗ ಹೋಗುವುದೆಂದರೆ ಹೆಣ್ಣಿನ ಕಾಲ ಕೆಳಗಿನ ನೆಲ ಹೋಗುವುದು. ಮುಸ್ಲಿಂ ಹೆಣ್ಣುಮಕ್ಕಳ ಉದ್ಧಾರದ ಬಗ್ಗೆ ಇಷ್ಟೊಂದು ಮಾತಾಡುವ ಕಾಲದಲ್ಲಿ ಈ ಒಂದು ಸಂಗತಿ ಕರಡಿನ ಯಾವ ಸಾಲಿನಲ್ಲೂ ಸುಳಿಯಲಿಲ್ಲ. 2024ರಲ್ಲಿ 'ಪಂಡಾರಂ' ಭೂಮಿಯನ್ನು ಆಡಳಿತದ ವಶಕ್ಕೆ ತೆಗೆದುಕೊಳ್ಳಲು ಸರ್ವೆಗೆ ಆದೇಶವಾದಾಗಲೂ ಇದೇ ಕಥೆ. ಕಣ್ಣೂರಿನ ಅರಕ್ಕಲ್ ಮನೆತನದ ಬೊಕ್ಕಸಕ್ಕೆ ಸೇರಿದ್ದೆಂದು ಎಂದೋ ಎಣಿಸಲ್ಪಟ್ಟ, ಆದರೆ ತಲೆಮಾರುಗಳಿಂದ ಜನ ತೆಂಗು ನೆಟ್ಟು ಮನೆ ಕಟ್ಟಿದ ನೆಲ ಅದು. ದೊರೆಮನೆತನ ಹೋಗಿ, ಕಂಪೆನಿ ಹೋಗಿ, ಗಣರಾಜ್ಯ ಬಂದ ಮೇಲೂ ದಾಖಲೆಯ ಪ್ರಕಾರ ಅದು ಪ್ರಭುತ್ವದ್ದೇ. ಕೇರಳ ಹೈಕೋರ್ಟು ಅದಕ್ಕೆ ತಡೆ ಕೊಡಬೇಕಾಯಿತು.

ಈ ಕರಡು ಇಂಗ್ಲಿಷಿನಲ್ಲಿತ್ತು. ದ್ವೀಪದವರ ಆಡುನುಡಿ ಮಲಯಾಳದ ಬಳಗದ ಜೆಸರಿ, ಓದುಬರಹ ಮಲಯಾಳ. ಮಿನಿಕೋಯ್‌ನವರದು ಮಾಲ್ದೀವಿನ ದಿವೇಹಿಗೆ ಸೇರಿದ ಮಹಲ್. 2021ರ ಏಪ್ರಿಲ್ ಕೊನೆಯ ವಾರದಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಮೂರು ವಾರ ಕೊಟ್ಟರು. ಅದರಲ್ಲಿ ಎರಡು ವಾರ ರಮಝಾನ್. ಮೊದಲ ಒಂದು ವರ್ಷ ಒಂದೇ ಒಂದು ಕೋವಿಡ್ ಪ್ರಕರಣವಿಲ್ಲದಿದ್ದ ದ್ವೀಪಗಳಲ್ಲಿ ಆಗ ಸೋಂಕು ಹಬ್ಬಿ ಜನ ಮನೆಯಿಂದ ಹೊರಬರುವಂತಿರಲಿಲ್ಲ. ಯಾರು ಓದಲಿ ಎಂದು ಬರೆದರು ಎಂಬ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇಷ್ಟಾದರೂ ಒಬ್ಬ ಆಡಳಿತಾಧಿಕಾರಿಯ ಮೇಲೆ ಎಲ್ಲ ದೋಷ ಹೊರಿಸಿ ಲೇಖನ ಮುಗಿಸುವುದು ಸುಲಭ. ನಾವು 2021ರಲ್ಲಿ ಮಾಡಿದ್ದು ಅದನ್ನೇ. ಪ್ರಫುಲ್ ಖೋಡಾ ಪಟೇಲ್ ಅವರು 2020ರ ಡಿಸೆಂಬರ್‌ನಲ್ಲಿ ಬರುವುದಕ್ಕಿಂತ ಮುಂಚೆಯೂ ಲಕ್ಷದ್ವೀಪದಲ್ಲಿ ಶಾಸನಸಭೆ ಇರಲಿಲ್ಲ. ಮೂಲ ಇರುವುದು ಸಂವಿಧಾನದ 239 ಮತ್ತು 240ನೇ ವಿಧಿಗಳಲ್ಲಿ. ಕೇಂದ್ರಾಡಳಿತ ಪ್ರದೇಶವನ್ನು ರಾಷ್ಟ್ರಪತಿಯವರು ಆಡಳಿತಾಧಿಕಾರಿಯ ಮೂಲಕ ಆಳುತ್ತಾರೆ ಎನ್ನುತ್ತದೆ 239. ಲಕ್ಷದ್ವೀಪ, ಅಂಡಮಾನ್ ನಿಕೋಬಾರ್ ಮೊದಲಾದವುಗಳ ಶಾಂತಿ, ಪ್ರಗತಿ ಮತ್ತು ಉತ್ತಮ ಆಡಳಿತಕ್ಕಾಗಿ ರಾಷ್ಟ್ರಪತಿಯವರು ವಿನಿಯಮ ಮಾಡಬಹುದು ಎನ್ನುತ್ತದೆ 240. ಆ ವಿನಿಯಮಕ್ಕೆ ಸಂಸತ್ತಿನ ಕಾಯ್ದೆಯಷ್ಟೇ ಬಲ. ಸಂಸತ್ತು ಮಾಡಿದ ಕಾಯ್ದೆಯನ್ನು ಆ ಪ್ರದೇಶದ ಮಟ್ಟಿಗೆ ತಿದ್ದಲೂ ರದ್ದು ಮಾಡಲೂ ಅದಕ್ಕೆ ಸಾಧ್ಯ. ರಾಷ್ಟ್ರಪತಿಯವರೆಂದರೆ ಇಲ್ಲಿ ಗೃಹ ಸಚಿವಾಲಯ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಶಾಂತಿ, ಪ್ರಗತಿ, ಉತ್ತಮ ಆಡಳಿತ ಎಂಬ ಪದಗಳನ್ನು ನೋಡಿ. ವಸಾಹತುಗಳಿಗೆ ಗವರ್ನರುಗಳನ್ನು ಕಳಿಸುವಾಗ ಬ್ರಿಟಿಷರು ಬಳಸುತ್ತಿದ್ದ ನುಡಿಗಟ್ಟಿನ ಬಳಗದವು ಇವು. ಸ್ವಯಮಾಡಳಿತ ಎಂಬ ಪದಕ್ಕೆ ಅದರಲ್ಲಿ ಜಾಗವಿಲ್ಲ.

ಒಳ್ಳೆಯ ಆಡಳಿತಾಧಿಕಾರಿಗಳೂ ಬಂದಿದ್ದರು. 1980ರ ದಶಕದ ಕೊನೆಯಲ್ಲಿ ಅಲ್ಲಿದ್ದ ವಜಾಹತ್ ಹಬೀಬುಲ್ಲಾ ಅವರನ್ನು ದ್ವೀಪದವರು ಪ್ರೀತಿಯಿಂದ ನೆನೆಯುತ್ತಾರೆ. ಚುನಾಯಿತ ದ್ವೀಪ ಮಂಡಳಿಗಳಿಗೆ ದಾರಿಮಾಡಿದ 1988ರ ವಿನಿಯಮ ಅವರ ಕಾಲದ್ದು. ಆದರೆ ಒಳ್ಳೆಯವರು ಬಂದಾಗ ಒಳ್ಳೆಯದಾಗುವುದು, ಬೇರೆಯವರು ಬಂದಾಗ ಕೆಡುವುದು ಎಂದರೆ ಅದು ಅದೃಷ್ಟ, ಹಕ್ಕು ಅಲ್ಲ. ಆ ಮಂಡಳಿಗಳ ಜಾಗದಲ್ಲಿ 1994ರ ವಿನಿಯಮದಂತೆ ಪಂಚಾಯತುಗಳು ಬಂದವು. ಹತ್ತು ದ್ವೀಪ ಪಂಚಾಯತುಗಳು, ಒಂದು ಜಿಲ್ಲಾ ಪಂಚಾಯತು. 2021ರ ಮೇ ತಿಂಗಳಲ್ಲಿ ಒಂದು ಆದೇಶ ಬಂತು. ಶಿಕ್ಷಣ, ಆರೋಗ್ಯ, ಕೃಷಿ, ಪಶುಸಂಗೋಪನೆ, ಮೀನುಗಾರಿಕೆ ಈ ಐದು ಇಲಾಖೆಗಳ ಮೇಲೆ ಜಿಲ್ಲಾ ಪಂಚಾಯತಿಗಿದ್ದ ಅಧಿಕಾರ ಒಂದೇ ಸಹಿಯಲ್ಲಿ ಹೋಯಿತು. ಮೀನು ಹಿಡಿದು ತೆಂಗು ಬೆಳೆದು ಬದುಕುವ ಜನರ ಪಂಚಾಯತಿಗೆ ಮೀನಿನ ಮೇಲೂ ತೆಂಗಿನ ಮೇಲೂ ಹಿಡಿತವಿಲ್ಲವೆಂದರೆ ಉಳಿದಿದ್ದೇನು? ಒಂದು ಸಹಿಯಿಂದ ಹೋಗುವ ಅಧಿಕಾರ ಮೊದಲೂ ಅವರದಾಗಿರಲಿಲ್ಲ, ಎರವಲು ಬಂದದ್ದು. 2017ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಪಂಚಾಯತುಗಳ ಅವಧಿ ಮುಗಿದಾಗ ಸಕಾಲಕ್ಕೆ ಚುನಾವಣೆಯೂ ನಡೆಯಲಿಲ್ಲ.

ಹೊಸ ಪಂಚಾಯತು ವಿನಿಯಮದ ಕರಡಿನಲ್ಲಿ ಮಹಿಳೆಯರಿಗೆ ಅರ್ಧದಷ್ಟು ಮೀಸಲಾತಿ ಇತ್ತು. ಅದು ಒಳ್ಳೆಯ ಅಂಶ, ನಾವು ಅದನ್ನು ಬರೆಯಲಿಲ್ಲ, ಬರೆಯಬೇಕಿತ್ತು. ಅದೇ ಕರಡಿನಲ್ಲಿ ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಸದಸ್ಯರಾಗಬಾರದೆಂಬ ನಿಯಮವೂ ಇತ್ತು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಲಕ್ಷದ್ವೀಪದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.4 ಮಕ್ಕಳು, ದೇಶದ ಸರಾಸರಿಗಿಂತ ಬಹಳ ಕಡಿಮೆ. ಇಲ್ಲದ ಗುಡ್ಡ ಕಡಿಯುವ ಕಾನೂನಿಗೂ ಇಲ್ಲದ ಜನಸಂಖ್ಯಾ ಸ್ಫೋಟವನ್ನು ತಡೆಯುವ ಕಾನೂನಿಗೂ ವ್ಯತ್ಯಾಸವಿಲ್ಲ. ಬರೆದವರ ಕಣ್ಣ ಮುಂದಿದ್ದದ್ದು ದ್ವೀಪವಲ್ಲ, ಮುಸ್ಲಿಮರ ಬಗ್ಗೆ ಮುಖ್ಯಭೂಮಿಯಲ್ಲಿ ಚಾಲ್ತಿಯಲ್ಲಿರುವ ಒಂದು ಕಲ್ಪನೆ. ಪಕ್ಕದಲ್ಲಿ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದಾದ ಸಮಾಜಘಾತುಕ ಚಟುವಟಿಕೆ ತಡೆ ವಿನಿಯಮದ ಕರಡು. ಅಪರಾಧವೇ ಅಪರೂಪವಾದ ಕಡೆ ಅದು ಯಾರಿಗಾಗಿ ಎಂಬುದನ್ನು ಓದುಗರೇ ಊಹಿಸಬಲ್ಲರು. ಟಿವಿ ಚರ್ಚೆಯಲ್ಲಿ ಆಡಿದ ಒಂದು ಮಾತಿಗೆ ಚೆತ್ಲಾತ್‌ನ ಚಿತ್ರನಿರ್ದೇಶಕಿ ಆಯಿಷಾ ಸುಲ್ತಾನಾ ಅವರ ಮೇಲೆ ರಾಜದ್ರೋಹದ ಮೊಕದ್ದಮೆ ಬಿದ್ದದ್ದೂ ಆ ವರ್ಷವೇ.

ಇಲ್ಲಿ ಕರಾವಳಿ ಕನ್ನಡಿಗರಾದ ನಾವು ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳಬೇಕು. ಮಂಗಳೂರಿನ ಹಳೇ ಬಂದರಿಗೆ ಹೋದವರು ಮಂಜಿಗಳಿಗೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ತುಂಬುವುದನ್ನು ಕಂಡಿರುತ್ತಾರೆ. ದ್ವೀಪದಿಂದ ತೆಂಗು, ಕೊಬ್ಬರಿ, ಒಣಮೀನು ಬರುತ್ತಿತ್ತು. ಈ ನಂಟನ್ನು ನಾವು ಪ್ರೀತಿಯಿಂದ ಹೇಳಿಕೊಳ್ಳುತ್ತೇವೆ. ನಂಟಿಗೆ ಇನ್ನೊಂದು ಮುಖವಿದೆ. ಅರಕ್ಕಲ್ ಆಳ್ವಿಕೆಯ ಕಾಟ ತಾಳಲಾರದೆ ಅಮಿನಿಯವರು 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನಲ್ಲಿ ಮೊರೆಯಿಟ್ಟರು. ಹಾಗೆ ಐದು ದ್ವೀಪಗಳು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಈಸ್ಟ್ ಇಂಡಿಯಾ ಕಂಪೆನಿಗೆ ಹೋಗಿ, ಮಂಗಳೂರಿನ ಕಲೆಕ್ಟರರ ಕೈಕೆಳಗೆ ಬಂದವು. ಟಿಪ್ಪುವಿನ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಅದರ ಮುಂದಿನ ಕಥೆಯನ್ನು ಅಷ್ಟಾಗಿ ಹೇಳುವುದಿಲ್ಲ. ದ್ವೀಪದ ಹೆಂಗಸರು ಲಗೂನಿನಲ್ಲಿ ಸಿಪ್ಪೆ ಹೂತಿಟ್ಟು ಕೊಳೆಸಿ, ಬಡಿದು, ಹೊಸೆದ ತೆಂಗಿನ ನಾರಿನ ಹುರಿಯನ್ನು ಸರಕಾರಕ್ಕೇ ಕೊಡಬೇಕಿತ್ತು. ಬದಲಿಗೆ ಸರಕಾರ ಗೊತ್ತುಮಾಡಿದ ದರದಲ್ಲಿ ಅಕ್ಕಿ. ಅಕ್ಕಿ ಬೆಳೆಯದ ನೆಲದವರು ಹುರಿಯ ಬೆಲೆಯ ಬಗ್ಗೆ ಚೌಕಾಸಿ ಮಾಡುವುದಾದರೂ ಹೇಗೆ? ಅಮಿನಿಯಲ್ಲಿ ಕಲೆಕ್ಟರರ ಪರವಾಗಿ ಒಬ್ಬ ಮೊನೆಗಾರ ಕುಳಿತು ಆಳುತ್ತಿದ್ದ. ಆ ಲೆಕ್ಕ ಪತ್ರವೆಲ್ಲ ನಮ್ಮ ಊರಿನ ಕಚೇರಿಗೆ ಬರುತ್ತಿತ್ತು. ಕಣ್ಣೂರಿನ ಕಡೆಯ ದ್ವೀಪಗಳನ್ನು ಬ್ರಿಟಿಷರು ಪಡೆದ ಬಗೆ ಇನ್ನೂ ನಾಜೂಕಿನದು. 1847ರ ಚಂಡಮಾರುತದಿಂದ ಆಂದ್ರೋತ್ ಹಾಳಾದಾಗ ಪರಿಹಾರಕ್ಕೆಂದು ಸಾಲ ಕೊಟ್ಟು, ಬಡ್ಡಿ ಬೆಳೆಸಿ, ತೀರಿಸಲಾಗದಾಗ ದ್ವೀಪಗಳ ಆಡಳಿತವನ್ನೇ ಕೈಗೆ ತೆಗೆದುಕೊಂಡರು.

ಆದ್ದರಿಂದ 2021ರಲ್ಲಿ ದ್ವೀಪಗಳ ಸರಕು ಬೇಪೂರಿನ ಬದಲು ಮಂಗಳೂರಿನಿಂದ ಹೋಗಬೇಕೆಂದು ಆಡಳಿತ ಹೇಳಿದಾಗ, ನಮ್ಮ ಬಂದರಿಗೆ ವ್ಯಾಪಾರ ಬಂತೆಂದು ಖುಷಿಪಟ್ಟವರನ್ನು ಕಂಡು ನನಗೆ ಇರುಸುಮುರುಸಾಯಿತು. ಮಂಗಳೂರಿನಿಂದ ಹೋದರೆ ತಪ್ಪೇನಿಲ್ಲ; ಅಮಿನಿಯವರು ಎಂದಿನಿಂದಲೂ ಹಾಗೇ ಹೋಗಿಬರುತ್ತಿದ್ದಾರೆ. ಯಾವ ಬಂದರು ಎಂದು ದ್ವೀಪದವರನ್ನು ಕೇಳಿದರೇ ಎಂಬುದಷ್ಟೇ ಪ್ರಶ್ನೆ. ಅದೇ ಜೂನ್‌ನಲ್ಲಿ, ದ್ವೀಪಗಳನ್ನು ಕೇರಳ ಹೈಕೋರ್ಟಿನ ವ್ಯಾಪ್ತಿಯಿಂದ ತೆಗೆದು ಕರ್ನಾಟಕ ಹೈಕೋರ್ಟಿಗೆ ಸೇರಿಸುವ ಪ್ರಸ್ತಾಪವಿದೆಯೆಂದು ಸುದ್ದಿಸಂಸ್ಥೆಯೊಂದು ವರದಿ ಮಾಡಿತು, ಕಲೆಕ್ಟರರು ಅದನ್ನು ಅಲ್ಲಗಳೆದರು. ಮಲಯಾಳ ಓದುವ ಜನರಿಗೆ ಕನ್ನಡ ದಾಖಲೆಯ ನ್ಯಾಯಾಲಯ! ಕಾಸರಗೋಡಿನ ಕನ್ನಡಿಗರು ಮಲಯಾಳದ ಅರ್ಜಿ ಫಾರ್ಮುಗಳ ಬಗ್ಗೆ ದೂರುವುದನ್ನು ಕೇಳಿದ ನಮಗೆ ಇದರ ಅರ್ಥ ಬೇಗ ಹೊಳೆಯಬೇಕಿತ್ತು. 2025ರಲ್ಲಿ ಶಾಲೆಗಳಿಂದ ಅರಬಿ ಮತ್ತು ಮಹಲ್ ಕೈಬಿಟ್ಟು ಹಿಂದಿ ತರುವ ಆದೇಶವೂ ಹೀಗೇ ಮೇಲಿನಿಂದ ಬಂತು. ಅದಕ್ಕೂ ಕೇರಳ ಹೈಕೋರ್ಟೇ ತಡೆ ಕೊಟ್ಟಿತು. ಮಿನಿಕೋಯ್ ಬಿಟ್ಟರೆ ದೇಶದ ಬೇರೆಲ್ಲೂ ಊರಿನ ಮಾತಾಗಿಲ್ಲದ ಒಂದು ಭಾಷೆಯ ಶಾಲಾಭವಿಷ್ಯ ಒಂದು ಕಚೇರಿ ಆದೇಶದ ಮೇಲೆ ನಿಂತಿದೆ.

ದ್ವೀಪದ ಹಳೆಯ ವ್ಯವಸ್ಥೆಯನ್ನು ಸ್ವರ್ಗವೆಂದು ಬಣ್ಣಿಸುವುದೂ ಸರಿಯಲ್ಲ. 1912ರ ವಿನಿಯಮದಂತೆ ಅಮೀನ ಮತ್ತು ಕಾರಣವರು ಸೇರಿ ನ್ಯಾಯ ತೀರಿಸುತ್ತಿದ್ದಾಗ ಆ ಕಾರಣವರು ಬಹುಮಟ್ಟಿಗೆ ಮೇಲು ಮನೆತನದವರು. ಕೋಯ, ಮಾಲ್ಮಿ, ಮೇಲಾಚೇರಿ ಎಂಬ ಅಂತಸ್ತುಗಳಿದ್ದವು. ತೆಂಗಿನ ಮರ ಹತ್ತುವ ಮೇಲಾಚೇರಿಗಳು ಮೇಲಿನವರಂತೆ ಉಡುವುದಕ್ಕೂ ಜಗಳಾಡಬೇಕಿತ್ತು. ಸಮಾನತೆಯನ್ನು ಸಾರುವ ಧರ್ಮದವರೇ ಆಗಿಯೂ ಹೀಗಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮಿನಿಕೋಯ್‌ನ ಕಥೆ ತುಸು ಬೇರೆ. ಅಲ್ಲಿ ಅಂತಸ್ತುಗಳಿದ್ದರೂ ಊರೂರಿಗೆ ಒಂದು ಊರಮನೆ, ಒಬ್ಬ ಬೊಡುಕಾಕ, ಹೆಂಗಸರ ಕಡೆಯಿಂದ ಒಬ್ಬಳು ಬೊಡುತಾತ. ಊರಿನ ಕೆಲಸ, ದೋಣಿ, ಮದುವೆ, ಅತಿಥಿ ಎಲ್ಲ ಅವರ ಉಸ್ತುವಾರಿಯಲ್ಲಿ. ಗಂಡಸರು ಹಡಗುಗಳಲ್ಲಿ ದೂರ ದೇಶಕ್ಕೆ ಹೋದಾಗ ಊರು ನಡೆಸುವುದು ಹೆಂಗಸರೇ. ತಮ್ಮನ್ನು ತಾವು ಆಳಿಕೊಳ್ಳಲು ಬಾರದ ಜನ ಇವರು ಎಂದು ಯಾರು ಹೇಳಿಯಾರು?

ನಮ್ಮ ಮುಖಂಡರ ಬಗ್ಗೆಯೂ ಒಂದು ಮಾತು. ದ್ವೀಪಕ್ಕೆ ಲೋಕಸಭೆಯಲ್ಲಿ ಒಂದೇ ಸ್ಥಾನ; ಮೊದಲ ಹತ್ತು ವರ್ಷ ಅದೂ ನಾಮಕರಣದ್ದು. 1967ರ ಮೊದಲ ಚುನಾವಣೆಯಿಂದ 2004ರವರೆಗೆ ಸತತ ಹತ್ತು ಬಾರಿ ಗೆದ್ದವರು ಮಂಗಳೂರಿನಲ್ಲಿ ಓದಿದ ಪಿ.ಎಂ. ಸಯೀದ್. ಲೋಕಸಭೆಯ ಉಪಸಭಾಪತಿಯಾದರು, ಕೊನೆಗೆ 71 ಮತಗಳಿಂದ ಸೋತರು. ದ್ವೀಪಕ್ಕೆ ಅವರು ಮಾಡಿದ್ದು ಕಡಿಮೆಯಲ್ಲ. ಆದರೆ ಅಷ್ಟು ದೀರ್ಘ ಕಾಲ, ಅದರಲ್ಲೂ ತಮ್ಮದೇ ಪಕ್ಷ ದಿಲ್ಲಿಯಲ್ಲಿ ಅಧಿಕಾರದಲ್ಲಿದ್ದಾಗ, 240ನೇ ವಿಧಿಯ ನೆರಳು ಕರಗಲಿಲ್ಲ. ಪಾಂಡಿಚೇರಿಗೆ 1963ರಲ್ಲೇ ಶಾಸನಸಭೆಯ ಅವಕಾಶ ಸಿಕ್ಕಿತು. ದಮನ್, ದಿಯುಗಳು ಗೋವಾದ ಜೊತೆಗಿದ್ದಷ್ಟು ಕಾಲ ಅವುಗಳಿಗೂ ಇತ್ತು. ಲಕ್ಷದ್ವೀಪಕ್ಕೆ ಎಂದೂ ಇಲ್ಲ.

ಜನ ಕಡಿಮೆ ಎಂಬುದೇ ಇದಕ್ಕೆ ಸಿದ್ಧ ಉತ್ತರ. 2011ರ ಜನಗಣತಿಯಂತೆ 64,473 ಮಂದಿ. ನಮ್ಮ ಒಂದು ವಿಧಾನಸಭಾ ಕ್ಷೇತ್ರಕ್ಕೂ ಸಾಲದು, ಇಷ್ಟು ಜನಕ್ಕೆ ಶಾಸನಸಭೆಯೇ ಎಂದು ಕೇಳುತ್ತಾರೆ. ಫಿನ್ಲೆಂಡಿಗೆ ಸೇರಿದ ಓಲಾಂಡ್ ದ್ವೀಪಗಳಲ್ಲಿ ಈಗ ಇರುವುದು 30 ಸಾವಿರ ಜನ. ಅವರ ಮಾತು ಸ್ವೀಡಿಷ್. 1921ರಲ್ಲಿ ಲೀಗ್ ಆಫ್ ನೇಷನ್ಸ್ ದ್ವೀಪಗಳನ್ನು ಫಿನ್ಲೆಂಡಿಗೇ ಉಳಿಸಿ, ಭಾಷೆ, ಭೂಮಿಯ ಹಕ್ಕು, ಸ್ವಯಮಾಡಳಿತಗಳ ಖಾತರಿ ಕೊಡಿಸಿತು. ಇಂದಿಗೂ ಅವರಿಗೆ 30 ಸದಸ್ಯರ ಶಾಸನಸಭೆಯಿದೆ. ಅಲ್ಲಿ ಹೊರಗಿನವರು ಮನಬಂದಂತೆ ಭೂಮಿ ಕೊಳ್ಳುವಂತಿಲ್ಲ, ಸೈನ್ಯದ ನೆಲೆಯೂ ಇಲ್ಲ. ಇದರಿಂದ ಫಿನ್ಲೆಂಡ್ ಒಡೆಯಲಿಲ್ಲ. ಅಷ್ಟು ದೂರ ಹೋಗುವುದೇ ಬೇಡ. ಮಿನಿಕೋಯ್‌ನವರ ಭಾಷೆಯನ್ನೇ ಆಡುವ ಮಾಲ್ದೀವಿನಲ್ಲಿ 2010ರ ವಿಕೇಂದ್ರೀಕರಣ ಕಾಯ್ದೆಯ ನಂತರ ಕೆಲವೇ ನೂರು ಜನರ ದ್ವೀಪಕ್ಕೂ ಚುನಾಯಿತ ಮಂಡಳಿಯಿದೆ. ಲಕ್ಷದ್ವೀಪವನ್ನು ಮಾಲ್ದೀವಿನಂತೆ ಮಾಡುತ್ತೇವೆ ಎಂದು ಹೇಳಿದವರು ಹೇಳಿದ್ದು ರಿಸಾರ್ಟುಗಳನ್ನು ಕುರಿತು, ಮಂಡಳಿಗಳನ್ನಲ್ಲ. 2024ರ ಜನವರಿಯಲ್ಲಿ ಪ್ರಧಾನಿಯವರು ಸಮುದ್ರಕ್ಕಿಳಿದ ಚಿತ್ರಗಳು ದೇಶವೆಲ್ಲ ಓಡಾಡಿದವು. ನೀಲಿ ನೀರು, ಬಿಳಿ ಮರಳು. ಆ ಚಿತ್ರಗಳಿಂದ ಮನಸೋತ ಎಷ್ಟು ಮಂದಿಗೆ ಅಲ್ಲಿ ಜನ ವಾಸಿಸುತ್ತಾರೆಂಬ ನೆನಪಿತ್ತೋ ಕಾಣೆ.

ದ್ವೀಪದವರಿಗೆ ಅಭಿವೃದ್ಧಿ ಬೇಡವೆಂದಲ್ಲ. ಅವರು ಕೇಳುವುದು ಹಡಗು, ಹೆರಿಗೆಗೂ ಹೃದಯಕ್ಕೂ ಕೊಚ್ಚಿಗೆ ಹೋಗಬೇಕಾಗದ ಆಸ್ಪತ್ರೆ, ಓದಿದ ಮಕ್ಕಳಿಗೆ ಕೆಲಸ. ಸುಪ್ರೀಂ ಕೋರ್ಟು ನೇಮಿಸಿದ, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ನೇತೃತ್ವದ ಸಮಿತಿ ದ್ವೀಪಗಳ ನಿರ್ವಹಣಾ ಯೋಜನೆಯನ್ನು ಪರಿಶೀಲಿಸಿ, ಯಾವುದೇ ಅಭಿವೃದ್ಧಿ ಚುನಾಯಿತ ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿಯೇ ಆಗಬೇಕೆಂದಿತ್ತು. ದಾರಿ ಯಾರಿಗೂ ಗೊತ್ತಿಲ್ಲದ್ದೇನಲ್ಲ.

ಮೊದಲು ಹೇಳಿದ ಐದು ದ್ವೀಪಗಳಲ್ಲಿ ಬಿತ್ರಾ ಅತಿ ಚಿಕ್ಕದು, ಸುಮಾರು 25 ಎಕರೆ. ಒಂದು ಕಾಲದಲ್ಲಿ ಅಲ್ಲಿದ್ದದ್ದು ಕಡಲಹಕ್ಕಿಗಳು ಮಾತ್ರ. 1940ರ ದಶಕದಲ್ಲಿ ಚೆತ್ಲಾತ್‌ನಿಂದ ಬಂದವರು ನೆಲೆನಿಂತರು. ಆಗ ಅದು ದಕ್ಷಿಣ ಕನ್ನಡ ಜಿಲ್ಲೆಯ ನೆಲ. 2011ರಲ್ಲಿ ಅಲ್ಲಿ 271 ಮಂದಿಯಿದ್ದರು. 2025ರ ಜುಲೈಯಲ್ಲಿ, ರಕ್ಷಣಾ ಉದ್ದೇಶಕ್ಕಾಗಿ ಇಡೀ ಬಿತ್ರಾವನ್ನು ಪಡೆಯುವ ಸಲುವಾಗಿ ಸಾಮಾಜಿಕ ಪರಿಣಾಮದ ಅಧ್ಯಯನ ನಡೆಸುವುದಾಗಿ ಆಡಳಿತ ಅಧಿಸೂಚನೆ ಹೊರಡಿಸಿತು. 2013ರ ಭೂಸ್ವಾಧೀನ ಕಾಯ್ದೆಯಂತೆ ಈ ಅಧ್ಯಯನ ಪಂಚಾಯತಿಯೊಂದಿಗೆ ಸಮಾಲೋಚಿಸಿ ನಡೆಯಬೇಕು. ಅದೇ ಕಾಯ್ದೆಯ 41ನೇ ಕಲಮಿನಂತೆ ಅನುಸೂಚಿತ ಪ್ರದೇಶಗಳಲ್ಲಿ ಬುಡಕಟ್ಟು ಜನರ ಭೂಮಿಯನ್ನು ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಪಡೆಯುವಂತಿಲ್ಲ. ಲಕ್ಷದ್ವೀಪದ ನೂರಕ್ಕೆ 94ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಆದರೆ ಅವರ ನೆಲ ಸಂವಿಧಾನದ ಐದನೇ ಅನುಸೂಚಿಯಲ್ಲೂ ಇಲ್ಲ, ಆರನೆಯದರಲ್ಲೂ ಇಲ್ಲ. ಒಪ್ಪಿಗೆ ಕೇಳಬೇಕಾದ ಅಗತ್ಯ ಕಾನೂನಿಗೆ ಬೀಳುವುದಿಲ್ಲ. ಸಮಾಲೋಚಿಸಬೇಕಾದ ಪಂಚಾಯತಿನ ಕುರ್ಚಿಗಳಲ್ಲಿ ಜನ ಆರಿಸಿದ ಯಾರೂ ಕುಳಿತಿರಲಿಲ್ಲ.